ಚೇಳೂರಿನ ಹಿನ್ನೀರು

ಹೋದ ತಿಂಗಳು ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಗುಬ್ಬಿಯಲ್ಲಿ ಚೇಳೂರಿನ ಬಸ್ಸು ಹತ್ತಿದ್ದೆ. ಊರು ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆ ಪಕ್ಕದ ಹೊಂಡದಿಂದ ಕೊಳೆತ ಕಾಯಿಮಟ್ಟೆಯ ವಾಸನೆ ಕಿಟಕಿಯೊಳಗೆ ನುಗ್ಗಿತು. ತೆಂಗಿನಕಾಯಿ ಸುಲಿದ ಮಟ್ಟೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಬಡಿದು ನಾರು ತೆಗೆಯುತ್ತಾರೆ. ಆ ನೀರಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ನಲವತ್ತು ವರ್ಷದ ಹಿಂದಿನ ಸಿಟ್ಟೊಂದು ಒಂದಿಷ್ಟೂ ಆರದೆ ಹಾಗೇ ಎದ್ದು ಬಂದಿತ್ತು.

ಎಂಬತ್ತೊಂದು-ಎಂಬತ್ತೆರಡರ ವರ್ಷ ಅದು. ನಾನು ತುಮಕೂರಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೆ. ಮನೆ ಕುಣಿಗಲ್ಲಿನಲ್ಲಿ. ಬೆಳಿಗ್ಗೆ ಏಳರ ಬಸ್ಸು ಹಿಡಿದು ಹೆಬ್ಬೂರು, ಗೂಳೂರು ದಾಟಿ ತುಮಕೂರು ಸೇರುವ ಹೊತ್ತಿಗೆ ಮೊದಲ ಬೆಲ್ಲು ಹೊಡೆದಿರುತ್ತಿತ್ತು. ಅಪ್ಪ ಟೈಲರ್. ಬಸ್‌ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಒಂದೇ ಮಿಷಿನ್ನಿನ ಅಂಗಡಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನ ಜೊತೆ ಓದುತ್ತಿದ್ದ ಹುಡುಗಿಯರು ಬ್ಯಾಂಕಿನ ಪರೀಕ್ಷೆಗೋ, ಬಿ.ಎಡ್‌ಗೋ, ಮದುವೆಗೋ ತಯಾರಾಗುತ್ತಿದ್ದರು. ನಾನು ಯಾವುದಕ್ಕೂ ತಯಾರಾಗಿರಲಿಲ್ಲ.

ಆ ಆಗಸ್ಟಿನಲ್ಲಿ ನಮ್ಮ ಕಾಮರ್ಸ್ ಸಂಘದ ಉದ್ಘಾಟನೆಗೆ ರಾಜಗೋಪಾಲ್ ಎನ್ನುವವರು ಬಂದರು. ಬೂದು ಬಣ್ಣದ ಕೋಟು, ಕೈಯಲ್ಲಿ ಕಪ್ಪು ಬ್ರೀಫ್‌ಕೇಸು. ಅವರ ಹೆಸರಿನ ಮುಂದೆ ಪ್ರಿನ್ಸಿಪಾಲರು ಹೇಳಿದ ಪದವೇ ನಮಗೆ ಹೊಸದು. ಕನ್ಸಲ್ಟೆಂಟ್.

"ಕಾಯಿಲೆ ಬಂದ್ರೆ ಡಾಕ್ಟರ ಹತ್ರ ಹೋಗ್ತೀರಿ. ಕೋರ್ಟಿಗೆ ಹೋಗಬೇಕಾದ್ರೆ ಲಾಯರ ಹತ್ರ ಹೋಗ್ತೀರಿ. ಒಂದು ಕಾರ್ಖಾನೆ ಹಾಕಬೇಕಾದ್ರೆ ಯಾರ ಹತ್ರ ಹೋಗ್ತೀರಿ?" ಎಂದು ಕೇಳಿ, ಸಭೆಯನ್ನು ಒಂದು ಸುತ್ತು ನೋಡಿ, "ನನ್ನ ಹತ್ರ ಬರ್ತೀರಿ" ಎಂದರು.

ಸಭೆ ನಕ್ಕಿತು. ನಾನು ನಗಲಿಲ್ಲ. ಜನ ಬಂದು ಎದುರು ಕೂತು, ನಾವು ಏನು ಮಾಡಬೇಕು ಹೇಳಿ ಎಂದು ಕೇಳುವ ಕೆಲಸವೂ ಒಂದಿದೆ ಎಂಬುದು ನನಗೆ ಅಂದೇ ತಿಳಿದದ್ದು. ನನ್ನನ್ನು ಅದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ಮನೆಗೆ ಯಾವ ಬಣ್ಣದ ಸುಣ್ಣ ಹೊಡೆಸಬೇಕು ಎಂದು ಕೂಡ. ಸಂಜೆ ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಸರೋಜ, ಬಿ.ಕಾಂ., ಕನ್ಸಲ್ಟೆಂಟ್ ಎಂದು ಬರೆದು, ಅದರ ಕೆಳಗೆ ಒಂದು ಸಹಿ ಹಾಕಿ ನೋಡಿದೆ.

ಅಪ್ಪನಿಗೆ ಹೇಳಿದರೆ, ಅವರು ಬಾಯಲ್ಲಿದ್ದ ದಾರ ತೆಗೆದು, "ಸಲಹೆ ಮಾರ್ತಾರೇನಮ್ಮ? ನಮ್ಮಂಗಡೀಲಿ ಬಂದೋರಿಗೆಲ್ಲ ನಾನು ಬಿಟ್ಟಿ ಕೊಡ್ತೀನಲ್ಲ" ಎಂದರು.

"ಅದಲ್ಲಪ್ಪ. ಇದು ಓದಿದೋರ ಸಲಹೆ."

"ಓ. ಹಂಗಾದ್ರೆ ಸರಿ ಬುಡು" ಎಂದು ಮತ್ತೆ ಮಿಷಿನ್ ತುಳಿಯತೊಡಗಿದರು. ಅವರು ತಮಾಷೆ ಮಾಡಿದರೋ ನಿಜವಾಗಿ ಒಪ್ಪಿದರೋ ಆಗ ಗೊತ್ತಾಗಲಿಲ್ಲ.

ನಮಗೆ ಕಾಸ್ಟಿಂಗ್, ಅಂದರೆ ತಯಾರಿಕೆಯ ಖರ್ಚಿನ ಲೆಕ್ಕ, ಕಲಿಸುತ್ತಿದ್ದ ನಂಜುಂಡಯ್ಯ ಮೇಷ್ಟ್ರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲೆಯಡಿಕೆ ಡಬ್ಬಿ ಮುಚ್ಚುತ್ತ, "ಕನ್ಸಲ್ಟೆಂಟ್ ಆಗ್ತೀಯಾ. ಆಗು. ಯಾವ ವಿಷಯದಲ್ಲಿ?" ಎಂದು ಕೇಳಿದರು.

"ಬಿಸಿನೆಸ್‌ನಲ್ಲಿ ಸಾರ್."

"ಯಾವ ಬಿಸಿನೆಸ್ಸು?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವರು ಬೈಯಲಿಲ್ಲ. "ನೋಡಮ್ಮ, ಸಲಹೆ ಕೊಡೋನ ಹತ್ರ ಮೊದಲು ಏನಾದ್ರೂ ಇರಬೇಕು. ಹತ್ತು ವರ್ಷ ಎಲ್ಲಾದ್ರೂ ಕೆಲಸ ಮಾಡು. ಬ್ಯಾಂಕ್ ಪರೀಕ್ಷೆ ಕಟ್ಟು, ಇಲ್ಲಾ ಪೋಸ್ಟಿನ ಮೂಲಕ ಕಾಸ್ಟ್ ಅಕೌಂಟಿಂಗ್ ಕೋರ್ಸ್ ತಗೋ. ನಿನ್ನ ಲೆಕ್ಕ ಚೆನ್ನಾಗಿದೆ. ಒಂದು ಕಾರ್ಖಾನೇಲೋ ಸೊಸೈಟೀಲೋ ಗುಮಾಸ್ತೆ ಆಗಿದ್ರೂ ನಾಲ್ಕು ವಿಷಯ ಗೊತ್ತಾಗ್ತವೆ. ಆಮೇಲೆ ಜನ ತಾವಾಗೇ ಬಂದು ಕೇಳ್ತಾರೆ" ಎಂದರು.

ಹತ್ತು ವರ್ಷ. ಹತ್ತೊಂಬತ್ತು ವರ್ಷದವಳಿಗೆ ಹತ್ತು ವರ್ಷ ಎಂದರೆ ಮುದುಕಿಯಾಗುವ ಮಾತು. ಗುಮಾಸ್ತೆ ಎಂಬ ಪದಕ್ಕೇ ನನಗೆ ಮೈ ಉರಿಯಿತು. ಈ ಮೇಷ್ಟ್ರಿಗೆ ಹುಡುಗಿಯರು ಮುಂದೆ ಬರುವುದು ಇಷ್ಟವಿಲ್ಲ ಎಂದುಕೊಂಡು, ಆ ವಾರವೇ ರಾಜಗೋಪಾಲರ ಆಫೀಸು ಹುಡುಕಿಕೊಂಡು ಹೋದೆ.

ಮಂಡಿಪೇಟೆಯಲ್ಲಿ ಬೆಲ್ಲದ ಮಂಡಿಯೊಂದರ ಮಹಡಿ ಮೇಲೆ ಅವರ ಆಫೀಸು. ಒಂದು ಮೇಜು, ಎರಡು ಬೀರು, ಗೋಡೆಗೆ ಜಿಲ್ಲೆಯ ನಕ್ಷೆ. ನಾನು ಬಂದ ಕಾರಣ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಟೈಪಿಂಗ್ ಬರುತ್ತಾ?"

ಇಂಗ್ಲಿಷ್ ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸಾಗಿತ್ತು. ಮಧ್ಯಾಹ್ನ ಕಾಲೇಜು ಮುಗಿಸಿ ಸಂಜೆ ಐದೂವರೆಯವರೆಗೆ ಬರಲು ಹೇಳಿದರು. "ಮೊದಲು ಟೈಪ್ ಮಾಡು. ಟೈಪ್ ಮಾಡ್ತಾ ಮಾಡ್ತಾ ಎಲ್ಲಾ ತಲೆಗೆ ಹತ್ತುತ್ತೆ. ವರ್ಷ ತುಂಬಲಿ, ಜೂನಿಯರ್ ಕನ್ಸಲ್ಟೆಂಟ್ ಅಂತ ಕಾರ್ಡ್ ಹಾಕಿಸಿಕೊಡ್ತೀನಿ" ಎಂದರು. ನಾನು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದೆ.

ಮೊದಲೆರಡು ತಿಂಗಳು ಹೇಗೆ ಹೋಯಿತೋ ತಿಳಿಯಲಿಲ್ಲ. ಆಗ ಓದಿದ ನಿರುದ್ಯೋಗಿಗಳು, ಹಳ್ಳಿಯ ಸಂಘದವರು ಸಣ್ಣ ಕೈಗಾರಿಕೆ ಹಾಕಲು ಸರ್ಕಾರದ ನೆರವು ಕೇಳುವ ಕಾಲ. ನೆರವಿನ ಅರ್ಜಿಯ ಜೊತೆ ಒಂದು ಪ್ರಾಜೆಕ್ಟ್ ರಿಪೋರ್ಟ್ ಇಡಲೇಬೇಕು. ಏನು ತಯಾರಿಸುತ್ತೀರಿ, ಕಚ್ಚಾ ಮಾಲು ಎಲ್ಲಿ ಸಿಗುತ್ತದೆ, ಯಾರು ಕೊಳ್ಳುತ್ತಾರೆ, ಎಷ್ಟು ಜನಕ್ಕೆ ಕೆಲಸ ಎಂದು ಇಪ್ಪತ್ತು ಪುಟದಲ್ಲಿ ಹೇಳುವ ವರದಿ ಅದು. ರಾಜಗೋಪಾಲರ ಕೆಲಸ ಅದನ್ನು ಬರೆದುಕೊಡುವುದು. ಬೀರುವಿನಲ್ಲಿ ಆರು ಹಳೇ ವರದಿಗಳಿದ್ದವು. ಚಾಕ್‌ಪೀಸು, ಮೇಣದಬತ್ತಿ, ಬಟ್ಟೆ ಸೋಪು, ಅಗರಬತ್ತಿ, ವೆಲ್ಡಿಂಗ್ ಶಾಪು, ತೆಂಗಿನ ನಾರು. ಯಾರೇ ಬಂದರೂ ಈ ಆರರಲ್ಲಿ ಒಂದನ್ನು ತೆಗೆದು, ಹೆಸರು ಊರು ಬದಲಾಯಿಸಿ, ನನ್ನ ಮುಂದಿಡುತ್ತಿದ್ದರು.

ಅದು ನನ್ನ ಗಮನಕ್ಕೆ ಬಂದದ್ದು ನಮ್ಮ ಕುಣಿಗಲ್ಲಿನವರೊಬ್ಬರ ಚಾಕ್‌ಪೀಸಿನ ವರದಿಯಲ್ಲಿ. ಹನ್ನೊಂದನೇ ಪುಟದಲ್ಲಿ, 'ಗುಬ್ಬಿ ರೈಲ್ವೆ ಸ್ಟೇಷನ್ ಹತ್ತಿರದಲ್ಲೇ ಇರುವುದರಿಂದ ಸಾಗಣೆ ಸುಲಭ' ಎಂದಿತ್ತು. ಕುಣಿಗಲ್ಲಿಗೆ ಆಗ ರೈಲೇ ಇರಲಿಲ್ಲ. ನಾನು ಹೋಗಿ ತೋರಿಸಿದರೆ ಅವರು ಕನ್ನಡಕ ಮೇಲೆತ್ತಿ, "ಒಳ್ಳೇ ಕಣ್ಣು. ಆ ಸಾಲು ಹೊಡೆದು ಹಾಕು" ಎಂದರು. ಹೊಗಳಿದರೆಂದು ಹಿಗ್ಗಿದೆ. ಆಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದಾಗ, ಮಿಕ್ಕ ಹತ್ತೊಂಬತ್ತು ಪುಟ ಯಾರ ಊರಿನದ್ದು ಎಂಬ ಪ್ರಶ್ನೆ ಬಂತು. ಅಪ್ಪನಿಗೆ ಹೇಳಿದೆ. "ಒಂದೇ ಅಳತೇಲಿ ಊರಿಗೆಲ್ಲ ಜುಬ್ಬ ಹೊಲ್ದಂಗಾಯ್ತಲ್ಲಮ್ಮ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕೆಂಪಮ್ಮ ಬಂದದ್ದು ನವೆಂಬರಿನಲ್ಲಿ. ಜಡಿಮಳೆ ಹಿಡಿದು ಮಂಡಿಪೇಟೆಯೆಲ್ಲ ಬೆಲ್ಲ, ಗೋಣಿಚೀಲ, ಕೆಸರಿನ ವಾಸನೆ. ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಜೊತೆಯಲ್ಲಿ ಮೈದುನ ಶಿವಣ್ಣ. ಚೇಳೂರಿನಲ್ಲಿ ಅವಳ ಹಿತ್ತಿಲಲ್ಲಿ ಹನ್ನೊಂದು ಹೆಂಗಸರು ಕೂತು ನಾರಿನ ಹಗ್ಗ ಹೊಸೆಯುತ್ತಿದ್ದರು. ಕೆರೆಯಂಚಿನ ಗುಂಡಿಯಲ್ಲಿ ಮಟ್ಟೆ ನೆನೆಹಾಕಿ, ಕೈಯಲ್ಲಿ ಬಡಿದು, ನಾರು ಒಣಗಿಸಿ, ರಾಟೆ ತಿರುಗಿಸಿ ಹಗ್ಗ ಮಾಡಿ ಗುಬ್ಬಿ ಸಂತೆಗೆ ಒಯ್ಯುತ್ತಿದ್ದರು. ಈಗ ನಾರು ಬಿಡಿಸುವ ಮಿಷಿನ್ ಹಾಕಬೇಕೆಂದು ಶಿವಣ್ಣನ ಹಟ.

ಶಿವಣ್ಣ ರಾಜಗೋಪಾಲರ ಮುಂದೆ ಕೂತು ಮಾತಾಡಿದ. ಕೆಂಪಮ್ಮ ನನ್ನ ಟೈಪ್‌ರೈಟರಿನ ಪಕ್ಕದ ಬೆಂಚಿನಲ್ಲಿ ಕೂತು, ಒದ್ದೆ ಸೆರಗು ಹಿಂಡಿಕೊಳ್ಳುತ್ತ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು.

"ಅವ್ವ, ನೀನು ಓದಿದೋಳು. ಆ ಮಿಷಿನ್ ಬಂದ್ರೆ ನಮ್ಮ ಹೆಣ್ಮಕ್ಳಿಗೆ ಕೆಲ್ಸ ಜಾಸ್ತಿ ಆಯ್ತದಾ, ಇಲ್ಲ ಇರೋದೂ ಹೋಯ್ತದಾ?"

ನನ್ನ ಬೆರಳು ನಿಂತುಬಿಟ್ಟಿತು. ಆ ಮೂರು ತಿಂಗಳಲ್ಲಿ ಅಲ್ಲಿಗೆ ಬಂದವರಲ್ಲಿ ಒಂದು ನಿಜವಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಅದೂ ನನ್ನನ್ನು ಕೇಳಿದ್ದಳು. "ನೋಡಿ ಹೇಳ್ತೀನಮ್ಮ" ಎಂದೆ.

ಅವರು ಹೋದ ಮೇಲೆ ರಾಜಗೋಪಾಲರನ್ನು ಕೇಳಿದೆ. ಅವರು, "ಅದು ನಮ್ಮ ಕೆಲಸ ಅಲ್ಲಮ್ಮ. ಅವರು ರಿಪೋರ್ಟ್ ಕೇಳಿದ್ರು, ರಿಪೋರ್ಟ್ ಕೊಡ್ತೀವಿ" ಎಂದು ನಾರಿನ ವರದಿ ತೆಗೆದು ಕೊಟ್ಟರು. ಅದನ್ನು ಟೈಪ್ ಮಾಡಿದವಳು ನಾನೇ. ಇಪ್ಪತ್ತೆರಡು ಪುಟ, ಎರಡು ಸಂಜೆ.

ಮೂರನೇ ಸಂಜೆ ಬಸ್ಸಿನಲ್ಲಿ ಕಾರ್ಬನ್ ಪ್ರತಿಯನ್ನು ಓದಿಕೊಳ್ಳುತ್ತಿದ್ದಾಗ ಒಂಬತ್ತನೇ ಪುಟದ ಆ ಸಾಲು ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿದ್ದ ಅದರ ಅರ್ಥ ಇಷ್ಟು: 'ಚೇಳೂರಿನಲ್ಲಿ ವರ್ಷವಿಡೀ ಹಿನ್ನೀರು ದೊರೆಯುವುದರಿಂದ ಮಟ್ಟೆ ನೆನೆಹಾಕಲು ಯಾವ ಅಡಚಣೆಯೂ ಇಲ್ಲ.' ಸಮುದ್ರದ ನೀರು ಒಳನಾಡಿಗೆ ನುಗ್ಗಿ ನಿಲ್ಲುವ ಕರಾವಳಿಯ ಯಾವುದೋ ಊರಿನ ವರದಿ ಅದು. ಗುಬ್ಬಿ ತಾಲ್ಲೂಕಿಗೆ ನಾನು ನನ್ನ ಹತ್ತು ಬೆರಳಿನಿಂದ ಸಮುದ್ರ ತಂದು ಸುರಿದಿದ್ದೆ. ಟೈಪ್ ಮಾಡುವಾಗ ಒಂದು ಕ್ಷಣವೂ ಕೈ ತಡೆದಿರಲಿಲ್ಲ. ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ಡಿಸೆಂಬರಿನ ಒಂದು ಭಾನುವಾರ, ಗೆಳತಿಯ ಮನೆಗೆ ಓದಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ತುಮಕೂರಿನಿಂದ ಗುಬ್ಬಿಗೆ, ಗುಬ್ಬಿಯಿಂದ ಚೇಳೂರಿಗೆ ಹೋದೆ. ಕೆಂಪಮ್ಮ ನನ್ನನ್ನು ನೋಡಿ ಆಶ್ಚರ್ಯಪಟ್ಟಳೇ ಹೊರತು ಯಾಕೆ ಬಂದೆ ಎಂದು ಕೇಳಲಿಲ್ಲ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಳು. ಆಮೇಲೆ ನಾನು ಸುತ್ತಲೂ ನೋಡಿ ಬರೆದುಕೊಂಡೆ. ಕೆರೆ ಆಗಲೇ ಅರ್ಧಕ್ಕಿಳಿದಿತ್ತು. ಮಾಘ ಕಳೆದರೆ ಗುಂಡಿಗೆ ನೀರಿರುವುದಿಲ್ಲ ಎಂದರು. ಮಿಷಿನ್ನಿಗೆ ಬೇಕಾದ ಕರೆಂಟು ದಿನಕ್ಕೆ ಮೂರು ಗಂಟೆ ಬಂದರೆ ಹೆಚ್ಚು. ವರದಿಯಲ್ಲಿ ಹೇಳಿದಷ್ಟು ಮಟ್ಟೆ ಸುತ್ತಿನ ತೋಟಗಳಲ್ಲಿ ಸಿಗುವುದಿಲ್ಲ, ಸಿಗುವುದರಲ್ಲಿ ಮುಕ್ಕಾಲು ಒಲೆಗೆ, ಇಟ್ಟಿಗೆ ಗೂಡಿಗೆ ಹೋಗುತ್ತದೆ. ಹಿತ್ತಿಲಲ್ಲಿ ಶಿವಣ್ಣ ಆಗಲೇ ಶೆಡ್ಡಿಗೆ ಕಲ್ಲುಕಂಬ ನಿಲ್ಲಿಸುತ್ತಿದ್ದ. ಹನ್ನೊಂದು ರಾಟೆಗಳಲ್ಲಿ ಐದನ್ನು ಜಾಗ ಸಾಲದೆ ಗೋಡೆಗೆ ಒರಗಿಸಿಟ್ಟಿದ್ದರು.

ನಾನು ಏಳು ಪುಟದ ವರದಿ ಬರೆದೆ. ಕನ್ನಡದಲ್ಲಿ, ಕೈಬರಹದಲ್ಲಿ. ಕಾಸ್ಟಿಂಗ್ ಪುಸ್ತಕ ಪಕ್ಕಕ್ಕಿಟ್ಟು ಜನವರಿಯ ರಜೆಯನ್ನೆಲ್ಲ ಅದಕ್ಕೇ ಸುರಿದೆ. ನಾರು ಬಿಡಿಸುವ ಮಿಷಿನ್ ಬೇಡ, ಗುಬ್ಬಿ ದಾರಿಯಲ್ಲಿ ಹೊಸದಾಗಿ ಶುರುವಾದ ಮಿಲ್ಲೊಂದರಿಂದ ಸಿದ್ಧ ನಾರನ್ನೇ ಕೊಳ್ಳಿ, ನೀರಿನ ಹಂಗಿರುವುದಿಲ್ಲ, ಉಳಿದ ಹಣದಲ್ಲಿ ಒಳ್ಳೆಯ ರಾಟೆ ತಗೊಳ್ಳಿ, ಹನ್ನೊಂದು ಜನಕ್ಕೂ ವರ್ಷಪೂರ್ತಿ ಕೆಲಸ ಇರುತ್ತದೆ. ಇದು ಅದರ ಸಾರಾಂಶ. ಬರೆದು ಮುಗಿಸಿದ ದಿನ ಇದ್ದ ಹೆಮ್ಮೆ ಮತ್ತೆ ನನಗೆ ಯಾವ ಕಾಗದದ ಮೇಲೂ ಬಂದಿಲ್ಲ.

ರಾಜಗೋಪಾಲರು ಅದನ್ನು ಮೊದಲಿಂದ ಕೊನೆಯವರೆಗೆ ಓದಿದರು. ಅದು ಅವರ ದೊಡ್ಡಗುಣ ಎಂದು ಈಗ ಅನ್ನಿಸುತ್ತದೆ. ಓದಿ ಮಡಿಸಿ ವಾಪಸ್ ಕೊಟ್ಟರು.

"ಯಾರು ಕೇಳಿದ್ರು ನಿನ್ನ?"

"ಕೆಂಪಮ್ಮ ಕೇಳಿದ್ರು ಸಾರ್."

"ಕೆಂಪಮ್ಮ ಅರ್ಜಿ ಹಾಕಿಲ್ಲ. ಶಿವಣ್ಣ ಹಾಕಿರೋದು." ಅವರು ಕಿಟಕಿಯಾಚೆ ನೋಡುತ್ತ ಹೇಳಿದರು. "ನಾನೂ ಶುರುವಿನಲ್ಲಿ ಹಿಂಗೇ ಇದ್ದೆ ಕಣಮ್ಮ. ಮೊದಲ ಮೂರು ರಿಪೋರ್ಟು ಊರೂರಿಗೆ ಹೋಗಿ, ಮಣ್ಣು ಮುಟ್ಟಿ ನೋಡಿ ಬರೆದೆ. ಎರಡರಲ್ಲಿ ಈ ಕೆಲಸ ಆಗಲ್ಲ ಅಂತ ಬರೆದಿದ್ದೆ. ಆ ಇಬ್ಬರೂ ಬೇರೆಯವರ ಹತ್ರ ಹೋಗಿ ಆಗುತ್ತೆ ಅಂತ ಬರೆಸಿಕೊಂಡ್ರು. ಆಗಲ್ಲ ಅನ್ನೋ ಮಾತು ಕೇಳೋಕೆ ಯಾರೂ ಈ ಮೆಟ್ಟಿಲು ಹತ್ತಲ್ಲ."

"ಹಿನ್ನೀರು ಅನ್ನೋ ಸಾಲಾದ್ರೂ ತೆಗೀಬಹುದಲ್ಲ ಸಾರ್."

"ರಿಪೋರ್ಟ್ ಹೋಗಿ ಆಯ್ತು" ಎಂದರು. ಆಮೇಲೆ, ಸಿಟ್ಟಿಲ್ಲದೆ, "ನಾಳೆಯಿಂದ ಬರಬೇಡ. ಪರೀಕ್ಷೆ ಹತ್ತಿರ ಬಂತು, ಓದಿಕೋ" ಎಂದು ಕಾಗದಗಳ ಕಡೆ ತಿರುಗಿದರು.

ಅವರು ಕೂಗಾಡಿದ್ದರೆ ವಾಸಿಯಿತ್ತು. ಜಗಳ ಆಡಿ ಬಂದೆ ಎಂಬ ಸಮಾಧಾನವಾದರೂ ಇರುತ್ತಿತ್ತು.

ಫೆಬ್ರವರಿಯಲ್ಲಿ ಏಳು ಪುಟ ಹಿಡಿದುಕೊಂಡು ಮತ್ತೆ ಚೇಳೂರಿಗೆ ಹೋದೆ. ಶೆಡ್ಡು ಎದ್ದಿತ್ತು, ತಗಡು ಹೊದಿಸಿದ್ದರು. ಹೆಂಗಸರೆಲ್ಲ ಜಗಲಿಯ ಮೇಲೆ ಬಂದು ಕೂತರು. ಕೆಂಪಮ್ಮನಿಗೆ ಓದು ಬರುತ್ತಿರಲಿಲ್ಲ. ನಾನು ನಿಂತುಕೊಂಡು, ಕಾಲೇಜಿನಲ್ಲಿ ಭಾಷಣ ಮಾಡುವವರ ಹಾಗೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಯಾರೂ ನಡುವೆ ಮಾತಾಡಲಿಲ್ಲ. ನಾರು ಕೊಳ್ಳುವ ಮಾತು ಬಂದಾಗ ಇಬ್ಬರು ಮುಖ ಮುಖ ನೋಡಿಕೊಂಡರು. ನನ್ನ ಲೆಕ್ಕ ಕಂಡು ಬೆರಗಾಗಿದ್ದಾರೆ ಎಂದುಕೊಂಡೆ.

ಶಿವಣ್ಣ ಕಂಬಕ್ಕೆ ಒರಗಿ ನಿಂತು ಕೇಳಿಸಿಕೊಂಡಿದ್ದ. "ಏನಮ್ಮ ಇದು, ಅವತ್ತು ನೀನೇ ಟೈಪ್ ಮಾಡಿ ಕೊಟ್ಟೆ, ಆಯ್ತದೆ ಅಂತ. ಇವತ್ತು ನೀನೇ ಬಂದು ಆಗಲ್ಲ ಅಂತೀಯ. ಮಿಷಿನ್ನೋರಿಗೆ ಮಾತು ಕೊಟ್ಟಾಗೈತೆ" ಎಂದ.

ನಾನು ಕೆಂಪಮ್ಮನ ಮುಖ ನೋಡಿದೆ. ಅವಳು ಕೇಳಿದಳು.

"ಮಗ, ನೀನು ಇಂಥಾ ಕಾರ್ಖಾನೆ ಎಲ್ಲಾದ್ರೂ ನಡ್ಸಿದ್ದೀಯಾ?"

"ಇಲ್ಲಮ್ಮ."

"ಆ ಸಾಹೇಬ್ರು?"

"ಅವರೂ ಇಲ್ಲ."

"ಹಂಗಾದ್ರೆ ನಿಮ್ಮಿಬ್ರಲ್ಲಿ ಯಾರ್ ಮಾತು ಕೇಳಾನ ಹೇಳು. ಅವರಾದ್ರೆ ವಯಸ್ಸಾದೋರು, ಕೋಟು ಹಾಕ್ಕಂಡವ್ರೆ. ಊರೋರ ಮುಂದೆ ಹೆಂಗೆ ಹೇಳ್ಲಿ, ಕುಣಿಗಲ್ ಹುಡ್ಗಿ ಬ್ಯಾಡ ಅಂದ್ಲು ಅಂತ ಬುಟ್ಬುಟ್ವಿ ಅಂತ?"

ಅದರಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳಿದ್ದಳು. ನಾನು ಕಾಗದಗಳನ್ನು ಅವಳ ಕೈಯಲ್ಲಿಟ್ಟು, ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಬಸ್ ಸ್ಟಾಪಿಗೆ ನಡೆದೆ. ಬಿಸಿಲಿನಲ್ಲಿ ಒಂದೂವರೆ ಗಂಟೆ ಬಸ್ಸಿಗೆ ಕಾದೆ. ಅವಳ ಮೇಲೆ, ರಾಜಗೋಪಾಲರ ಮೇಲೆ, ಮೇಷ್ಟ್ರ ಮೇಲೆ, ಎಲ್ಲರ ಮೇಲೆ ಸಿಟ್ಟು. ಸರಿಯಾದ ಮಾತು ಹೇಳಿದರೂ ಯಾರೂ ಕೇಳದಿದ್ದರೆ ಓದಿ ಏನು ಪ್ರಯೋಜನ ಎಂದು ಕಣ್ಣಲ್ಲಿ ನೀರು ಬಂತು.

ಏಪ್ರಿಲಿನಲ್ಲಿ ಪರೀಕ್ಷೆ. ಜೂನಿನಲ್ಲಿ ಫಲಿತಾಂಶ ಬಂದಾಗ ಎಲ್ಲ ವಿಷಯದಲ್ಲೂ ಪಾಸಾಗಿ ಕಾಸ್ಟಿಂಗಿನಲ್ಲಿ ಮಾತ್ರ ಫೇಲಾಗಿದ್ದೆ. ಉದ್ಯಮದ ಖರ್ಚನ್ನು ಅಳೆಯುವ ವಿದ್ಯೆಯಲ್ಲಿ. ನೋಟೀಸ್ ಬೋರ್ಡಿನ ಮುಂದೆ ನಿಂತಿದ್ದಾಗ ನನ್ನ ಬೆನ್ನ ಹಿಂದೆ ಯಾರೋ ಹುಡುಗ, "ಕನ್ಸಲ್ಟೆಂಟ್ ಮೇಡಂ" ಎಂದ. ನೋಟ್‌ಬುಕ್ಕಿನ ಆ ಕೊನೆಯ ಹಾಳೆ ಯಾರ ಕಣ್ಣಿಗೆ ಬಿದ್ದಿತ್ತೋ.

ಮನೆಯಲ್ಲಿ ಅಮ್ಮ ಎರಡು ದಿನ ಮಾತಾಡಲಿಲ್ಲ. ಅಪ್ಪ, ಅಂಗಡಿಯಲ್ಲಿ ಗುಂಡಿ ಹಾಕಲು ಒಂದು ಅಂಗಿ ನನ್ನ ಕೈಗೆ ಕೊಟ್ಟು, "ಸೆಪ್ಟೆಂಬರಲ್ಲಿ ಕಟ್ಟಿದ್ರಾಯ್ತು. ಅಲ್ಲೀಗಂಟ ಕೈ ಖಾಲಿ ಇರಬಾರದು" ಎಂದರು. ಒಂದು ವಾರ ಗುಂಡಿ ಹಾಕಿದ ಮೇಲೆ ನಂಜುಂಡಯ್ಯ ಮೇಷ್ಟ್ರ ಮನೆಗೆ ಹೋದೆ. ಅವರು ಆವತ್ತಿನ ಮಾತನ್ನು ನೆನಪಿಸಲಿಲ್ಲ. ಗುಬ್ಬಿಯಲ್ಲಿ ನಾರಿನ ಕೆಲಸದ ಹೆಂಗಸರ ಸೊಸೈಟಿಯೊಂದರಲ್ಲಿ ಗುಮಾಸ್ತೆ ಬೇಕಾಗಿದ್ದಾರೆ ಎಂದು ಒಂದು ಚೀಟಿ ಬರೆದುಕೊಟ್ಟರು. "ನೀನು ಫೇಲಾದ್ದು ಲೆಕ್ಕ ಬರದೆ ಅಲ್ಲ. ಪುಸ್ತಕ ಮುಟ್ಟದೆ" ಎಂದಷ್ಟೇ ಹೇಳಿದರು.

ಹೀಗೆ ಯಾವ ಪದಕ್ಕೆ ಮೈ ಉರಿದಿತ್ತೋ ಅದೇ ಆಗಿ ಜುಲೈಯಲ್ಲಿ ಗುಬ್ಬಿಗೆ ಹೋದೆ. ಹಂಚಿನ ಮಾಡಿನ ಉದ್ದನೆಯ ಕೊಠಡಿ. ಮುಂದೆ ನನ್ನ ಮೇಜು, ಹಿಂದೆ ರಾಟೆಗಳ ಸಾಲು. ಬಂದ ನಾರಿನ ತೂಕ, ಹೋದ ಹಗ್ಗದ ತೂಕ, ಯಾರು ಬಂದರು ಯಾರು ಬರಲಿಲ್ಲ. ಮಳೆಗಾಲದಲ್ಲಿ ನಾರು ಒಣಗದೆ ಕೊಠಡಿಯೆಲ್ಲ ಮುಗ್ಗಲು. ಪ್ರತಿದಿನ ಬೇಸರ. ನನ್ನ ಜೊತೆಯವರು ಬ್ಯಾಂಕಿನ ಫ್ಯಾನಿನ ಕೆಳಗೆ ಕೂತಿದ್ದಾರೆ, ನಾನು ಈ ಧೂಳಿನಲ್ಲಿ ಸೀನುತ್ತ ಕೂತಿದ್ದೇನೆ ಎಂಬ ಹೊಟ್ಟೆಯುರಿ. ಸೆಪ್ಟೆಂಬರಿನಲ್ಲಿ ಕಾಸ್ಟಿಂಗ್ ಪಾಸಾಯಿತು. ಅದರಿಂದ ಏನೂ ಬದಲಾಗಲಿಲ್ಲ.

ಅಲ್ಲಿ ಪುಟ್ಟಮ್ಮ ಎಂಬ ಹಿರಿಯ ಕೆಲಸದವಳಿದ್ದಳು. ದಸರೆ ಕಳೆದ ಮೇಲೆ ಒಂದು ದಿನ ಲಾರಿಯಲ್ಲಿ ಸಿದ್ಧ ನಾರು ಬಂತು. ನಾನು ನನ್ನ ವರದಿಯಲ್ಲಿ ಬರೆದಿದ್ದ ಅದೇ ಮಿಲ್ಲಿನದು. ನೋಡಲು ಚೆನ್ನಾಗಿತ್ತು, ಹೊಂಬಣ್ಣ, ಕಸವಿಲ್ಲ. ರಾಟೆಯವರಿಗೆ ಹಂಚಿಬಿಡಿ ಎಂದೆ. ಪುಟ್ಟಮ್ಮ ಒಂದು ಹಿಡಿ ತೆಗೆದು ಎಳೆದು ತೋರಿಸಿದಳು. ಎಳೆ ಬೆರಳುದ್ದಕ್ಕೆ ಪಟಕ್ಕನೆ ತುಂಡಾಯಿತು.

"ಇದು ಹಾಸಿಗೆಗೆ ತುಂಬೋ ನಾರು ಕಣವ್ವ. ಒಣ ಮಟ್ಟೇನ ಮಿಷಿನ್ಗೆ ಕೊಟ್ಟು ಚಚ್ಚಿರ್ತಾರೆ. ಎಳೆ ಗಿಡ್ಡ. ಹಗ್ಗ ಹೊಸೆಯಕ್ಕೆ ಹೋದ್ರೆ ಕೈಯಲ್ಲೇ ಬಿಚ್ಕತದೆ. ನೆನೆದು ಬಡಿದ ನಾರೇ ಆಗ್ಬೇಕು."

"ಸ್ವಲ್ಪನೂ ಆಗಲ್ವಾ ಪುಟ್ಟಮ್ಮ?"

"ನೀನೇ ಹೊಸೆದು ನೋಡು."

ನೋಡಿದೆ. ಅರ್ಧ ಗಂಟೆ ರಾಟೆಯ ಮುಂದೆ ಕೂತು ನೋಡಿದೆ. ಒಂದು ಮಾರು ಹಗ್ಗವಾಗಲಿಲ್ಲ. ಅಂಗೈ ಕೆಂಪಾಯಿತು. ನನ್ನ ಏಳು ಪುಟದ ಬುಡವೇ ಆ ನಾರು. ಅದನ್ನು ನಂಬಿ ಕೆಂಪಮ್ಮ ನನ್ನ ಮಾತು ಕೇಳಿದ್ದರೆ ಹನ್ನೊಂದು ಹೆಂಗಸರೂ ಹಾಸಿಗೆಯ ನಾರಿನ ರಾಶಿ ಮುಂದೆ ಕೈಕಟ್ಟಿ ಕೂರಬೇಕಿತ್ತು. ರಾಜಗೋಪಾಲರು ಊರನ್ನು ನೋಡದೆ ತಪ್ಪು ಬರೆದಿದ್ದರು. ನಾನು ಊರಿಗೆ ಹೋಗಿ, ರೊಟ್ಟಿ ತಿಂದು, ಎಲ್ಲವನ್ನೂ ನೋಡಿ ಬಂದು ತಪ್ಪು ಬರೆದಿದ್ದೆ. ಇಷ್ಟು ತಿಂಗಳು ನನ್ನ ಬೆನ್ನಿಗೆ ಆನಿಕೆಯಾಗಿದ್ದದ್ದು, ನಾನು ಹೇಳಿದ್ದು ಸರಿ, ಯಾರೂ ಕೇಳಲಿಲ್ಲ ಎಂಬ ಸಿಟ್ಟು. ಆ ಮಧ್ಯಾಹ್ನ ಅದೂ ಕೈಬಿಟ್ಟಿತು.

ಕೆಂಪಮ್ಮ ಸಿಕ್ಕಿದ್ದು ಅದಾದ ಮೂರೋ ನಾಲ್ಕೋ ವಾರಕ್ಕೆ, ಗುಬ್ಬಿ ಸಂತೆಯಲ್ಲಿ. ಹಗ್ಗದ ಸುರುಳಿಗಳನ್ನು ಮುಂದಿಟ್ಟುಕೊಂಡು ಗೋಣಿತಟ್ಟಿನ ಮೇಲೆ ಕೂತಿದ್ದಳು. ಸ್ವಲ್ಪ ಬಡವಾಗಿದ್ದಳು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಮಿಷಿನ್ ಮಾರ್ಚಿನಲ್ಲಿ ಬಂತಂತೆ. ತಿಂಗಳಿಗಾಗುವ ಮಟ್ಟೆಯನ್ನು ಆರು ದಿನದಲ್ಲಿ ತಿಂದು ನಿಂತಿತಂತೆ. ಗುಂಡಿ ಬತ್ತಿತ್ತು, ಮತ್ತೆ ಮಟ್ಟೆ ನೆನೆಹಾಕಲು ನೀರಿಲ್ಲ. ಬೇಸಿಗೆಯಲ್ಲಿ ಮೋಟರು ಸುಟ್ಟಿತು. ಬಡಿಯುವ ಕೆಲಸ ನಿಂತದ್ದರಿಂದ ನಾಲ್ಕು ಜನ ಹೆಂಗಸರು ಬೆಳ್ಳಾವಿ ಕಡೆ ಇಟ್ಟಿಗೆ ಗೂಡಿಗೆ ಹೋದವರು ಹಿಂದಿರುಗಲಿಲ್ಲ. ಮಳೆ ಬಿದ್ದ ಮೇಲೆ ಉಳಿದ ಏಳು ಜನ ಮತ್ತೆ ಗುಂಡಿಗೆ ಮಟ್ಟೆ ಹಾಕಿ, ಕೈಯಲ್ಲೇ ಬಡಿದು, ಹಗ್ಗ ಹೊಸೆಯುತ್ತಿದ್ದರು. ಶಿವಣ್ಣ ಶೆಡ್ಡಿನಲ್ಲಿ ಕೊಬ್ಬರಿ ತುಂಬಿದ್ದ. ಇಷ್ಟನ್ನೂ ಅವಳು ಗಿರಾಕಿಗಳಿಗೆ ಹಗ್ಗ ಅಳೆದುಕೊಡುತ್ತ ಹೇಳಿದಳು. ನೀನು ಹೇಳಿದ್ದೇ ಸರಿಯಾಯಿತು ಎಂದಳು.

ಆ ಮಾತಿಗಾಗಿ ನಾನು ಒಂಬತ್ತು ತಿಂಗಳು ಕಾದಿದ್ದೆ. ಬಂದಾಗ ಅದು ನನ್ನದಲ್ಲದ ವಸ್ತುವಿನ ಹಾಗೆ ಕಂಡಿತು.

"ಇಲ್ಲ ಕೆಂಪಮ್ಮಾರೆ. ನೀರಿನ ಮಾತು ಸರಿ. ಆದ್ರೆ ಮಿಲ್ಲಿನ ನಾರು ತಗೊಳ್ಳಿ ಅಂದಿದ್ದೆನಲ್ಲ, ಅದು ತಪ್ಪು. ಅದರಲ್ಲಿ ಹಗ್ಗ ಆಗಲ್ಲ. ಹೋದ ತಿಂಗಳು ಗೊತ್ತಾಯ್ತು ನನಗೆ."

ಅವಳು ಕೈಯಲ್ಲಿದ್ದ ಸುರುಳಿ ಕೆಳಗಿಟ್ಟಳು. "ಅದು ಅವತ್ತೇ ಗೊತ್ತಿತ್ತು ಕಣವ್ವ. ನೀನು ಓದಿ ಹೇಳೋವಾಗ್ಲೇ ನಮ್ಮ ಹೆಣ್ಮಕ್ಳು ಮಕ ಮಕ ನೋಡ್ಕಂಡ್ರು. ಆ ಕಡ್ಡಿ ನಾರಲ್ಲಿ ಯಾರಾದ್ರೂ ಹಗ್ಗ ಹೊಸೀತಾರಾ ಅಂತ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ ಮಗ" ಎಂದಳು. "ನಿಂತ್ಕಂಡು ಓದಿದೆ. ನಾವು ಕೂತ್ಕಂಡು ಕೇಳಿದ್ವಿ."

ಯಾರೋ ಬಂದು ಬಾವಿ ಹಗ್ಗ ಎಷ್ಟು ಮಾರು ಇದೆ ಎಂದು ವಿಚಾರಿಸಿದರು. ಅವಳು ಎದ್ದು ನಿಂತು, ಎರಡೂ ಕೈ ಚಾಚಿ ಮಾರು ಹಾಕತೊಡಗಿದಳು. ಹಗ್ಗದ ಇನ್ನೊಂದು ತುದಿ ಧೂಳಿನಲ್ಲಿ ಎಳೆದಾಡುತ್ತಿತ್ತು. ನಾನು ಅದನ್ನು ಎತ್ತಿ ಹಿಡಿದುಕೊಂಡೆ. ಅವಳು ಎಣಿಸಿ ಮುಗಿಸುವವರೆಗೆ ಹಾಗೇ ಹಿಡಿದುಕೊಂಡು ನಿಂತಿದ್ದೆ.